ಬೀಗ ಒಂದೇ ಇರಲಿ, ಕೀಲಿಕೈ ಒಂದೇ ಬೇಡ

ಊರು ಬಿಟ್ಟು ಬಂದವರಿಗೆ ಕೀಲಿಕೈಗಳ ಲೆಕ್ಕ ಚೆನ್ನಾಗಿ ಗೊತ್ತು. ಪುಣೆಯಲ್ಲೋ ಚೆನ್ನೈಯಲ್ಲೋ ಬಾಡಿಗೆ ಮನೆ ಹಿಡಿದ ವಾರದೊಳಗೆ ಮಾಲೀಕರು ಕೊಟ್ಟ ಕೀಲಿಕೈಗೆ ಇನ್ನೊಂದು ನಕಲು ಮಾಡಿಸುತ್ತೇವೆ. ಒಂದು ನಮ್ಮ ಜೇಬಿನಲ್ಲಿ, ಇನ್ನೊಂದು ಮನೆಯವರ ಚೀಲದಲ್ಲಿ, ನಂಬಿಕೆಯ ನೆರೆಯವರು ಸಿಕ್ಕರೆ ಮೂರನೆಯದು ಅವರ ಹತ್ತಿರ. ಊರಿನ ಹಳೇ ಮನೆಯ ಕೀಲಿಕೈ ಪಕ್ಕದ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಇದರಿಂದ ಬೀಗ ದುರ್ಬಲವಾಯಿತು ಎಂದು ಯಾರೂ ಹೇಳುವುದಿಲ್ಲ. ಮಳೆಗಾಲದಲ್ಲಿ ಹಂಚು ಸರಿದರೆ, ಮೀಟರ್ ಓದಲು ಬಂದರೆ, ನಮಗೇ ಏನಾದರೂ ಆದರೆ ಬಾಗಿಲು ತೆಗೆಯಲು ಒಬ್ಬರಾದರೂ ಬೇಕಲ್ಲ ಎಂಬುದು ಸಾಮಾನ್ಯ ಜ್ಞಾನ.

ಇದೇ ಜನ ಲ್ಯಾಪ್‌ಟಾಪಿನ ಡಿಸ್ಕಿಗೆ ಬೀಗ ಹಾಕುವಾಗ ಮಾತ್ರ ಈ ಜ್ಞಾನವನ್ನು ಪಕ್ಕಕ್ಕಿಡುತ್ತಾರೆ. ಒಂದೇ ಪಾಸ್‌ವರ್ಡ್, ಅದೂ ಒಬ್ಬರ ತಲೆಯೊಳಗೆ. ಬರೆದಿಟ್ಟರೆ ಪಾಪ, ಇನ್ನೊಬ್ಬರಿಗೆ ಹೇಳಿದರೆ ಅಪಚಾರ ಎಂದು ಎಲ್ಲೋ ಕೇಳಿದ್ದನ್ನು ಶಾಸ್ತ್ರದಂತೆ ಪಾಲಿಸುತ್ತಾರೆ. ಲಿನಕ್ಸ್ ಬಳಸುವವರಲ್ಲಿ ಈ ರೂಢಿ ಇನ್ನೂ ಹೆಚ್ಚು. ಹನ್ನೆರಡು ವರ್ಷಗಳಿಂದ ಹಿಂಜವಡಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿರುವ ನನಗೆ ಇದು ಸುರಕ್ಷತೆ ಅಂತ ಅನ್ನಿಸುವುದಿಲ್ಲ. ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿಗೆ ಎರಡನೇ ಕೀಲಿಕೈ ಇರಲೇಬೇಕು, ಅದು ಕಾಗದದ ಮೇಲೆ ಇರಬೇಕು, ಆ ಕಾಗದ ಲ್ಯಾಪ್‌ಟಾಪಿನಿಂದ ಬಹುದೂರ ಇರಬೇಕು ಎಂಬುದು ನನ್ನ ವಾದ.

ಬೀಗ ಬೇಕೇ ಬೇಕು

ಮೊದಲಿಗೆ ಒಂದು ಮಾತು. ಎನ್‌ಕ್ರಿಪ್ಷನ್ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮಂಥವರಿಗೆ ಅದು ಬೇರೆಯವರಿಗಿಂತ ಹೆಚ್ಚು ಬೇಕು. ನಾವು ಓಡಾಡುವವರು. ಹಬ್ಬಕ್ಕೆ, ಮದುವೆಗೆ, ತಂದೆಯ ಆಸ್ಪತ್ರೆಗೆ ಎಂದು ರಾತ್ರಿ ರೈಲು, ಸ್ಲೀಪರ್ ಬಸ್ಸು ಹತ್ತುವವರು. ತಲೆದಿಂಬಿನ ಕೆಳಗಿನ ಚೀಲ ಬೆಳಿಗ್ಗೆ ಇಲ್ಲವಾಗುವುದು ಹೊಸ ಸುದ್ದಿಯಲ್ಲ. ಆ ಚೀಲದ ಲ್ಯಾಪ್‌ಟಾಪಿನಲ್ಲಿ ಏನೇನಿದೆ ಎಂದು ಒಮ್ಮೆ ಲೆಕ್ಕ ಹಾಕಿ. ಆಧಾರ್ ಮತ್ತು ಪ್ಯಾನ್ ಪ್ರತಿಗಳು, ಊರಿನ ಜಮೀನಿನ ಪಹಣಿ, ಬಾಡಿಗೆ ಕರಾರು, ಆದಾಯ ತೆರಿಗೆ ವಿವರ, ಅಮ್ಮನ ವೈದ್ಯಕೀಯ ವರದಿ, ಮಕ್ಕಳ ಹುಟ್ಟಿನಿಂದ ಇಂದಿನವರೆಗಿನ ಫೋಟೊ. ಡಿಸ್ಕಿಗೆ ಬೀಗವಿಲ್ಲದಿದ್ದರೆ ಲಾಗಿನ್ ಪಾಸ್‌ವರ್ಡ್ ಯಾವ ಲೆಕ್ಕಕ್ಕೂ ಇಲ್ಲ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲವೂ ತೆರೆದಿಟ್ಟ ಪುಸ್ತಕ.

ಉಬುಂಟು, ಡೆಬಿಯನ್, ಫೆಡೊರಾ ಹೀಗೆ ಯಾವ ಲಿನಕ್ಸ್ ಆದರೂ ಹಾಕುವಾಗಲೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಕೊಡುತ್ತದೆ. ಸಾಮಾನ್ಯವಾಗಿ ಇದರ ಹಿಂದೆ ಕೆಲಸ ಮಾಡುವುದು ಲಕ್ಸ್ ಎಂಬ ವ್ಯವಸ್ಥೆ. 2004ರ ಸುಮಾರಿಗೆ ಕ್ಲೆಮೆನ್ಸ್ ಫ್ರೂವಿರ್ತ್ ಅದನ್ನು ರೂಪಿಸಿದರು. ನಾವು ಅದರೊಂದಿಗೆ ವ್ಯವಹರಿಸುವ ಸಾಧನದ ಹೆಸರು ಕ್ರಿಪ್ಟ್‌ಸೆಟಪ್. ಪೂರ್ತಿ ಉಚಿತ, ಪೂರ್ತಿ ಗಟ್ಟಿ. ಪಾಸ್‌ವರ್ಡ್ ಮರೆತರೆ ಕರೆ ಮಾಡಲು ಸಹಾಯವಾಣಿ ಇಲ್ಲ, ಓಟಿಪಿ ಬರುವುದಿಲ್ಲ, ಹಿಂಬಾಗಿಲೂ ಇಲ್ಲ. ಅದರ ಶಕ್ತಿಯೂ ಅದೇ, ಅಪಾಯವೂ ಅದೇ.

ಈ ಬೀಗ ಕೆಲಸ ಮಾಡುವ ರೀತಿಯನ್ನು ಅರಿತರೆ ನನ್ನ ವಾದದ ಅರ್ಧ ತಾನಾಗಿ ತಿಳಿಯುತ್ತದೆ. ನಾವು ಟೈಪ್ ಮಾಡುವ ಪಾಸ್‌ವರ್ಡ್ ಡಿಸ್ಕಿನ ಮಾಹಿತಿಯನ್ನು ನೇರವಾಗಿ ಗೂಢಲಿಪಿಗೆ ತಿರುಗಿಸುವುದಿಲ್ಲ. ಡಿಸ್ಕನ್ನು ಸಿದ್ಧಪಡಿಸುವಾಗ ಕಂಪ್ಯೂಟರೇ ಒಂದು ಯಾದೃಚ್ಛಿಕ ಮೂಲ ಕೀಲಿಯನ್ನು ತಯಾರಿಸುತ್ತದೆ. ಮಾಹಿತಿಗೆ ಬೀಗ ಹಾಕುವುದು ಆ ಮೂಲ ಕೀಲಿ. ನಮ್ಮ ಪಾಸ್‌ವರ್ಡ್ ಆ ಮೂಲ ಕೀಲಿಯನ್ನಿಟ್ಟ ಪೆಟ್ಟಿಗೆಯನ್ನು ಮಾತ್ರ ತೆರೆಯುತ್ತದೆ. ಇಂಥ ಪೆಟ್ಟಿಗೆಗಳಿಗೆ ಕೀ ಸ್ಲಾಟ್ ಎಂದು ಹೆಸರು. ಮೊದಲ ಆವೃತ್ತಿಯ ಲಕ್ಸ್‌ನಲ್ಲಿ 8 ಸ್ಲಾಟ್‌ಗಳಿದ್ದವು. ಈಗ ಬಳಕೆಯಲ್ಲಿರುವ ಎರಡನೇ ಆವೃತ್ತಿಯಲ್ಲಿ 32ರವರೆಗೆ ಇಡಬಹುದು. ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್, ಆದರೆ ಎಲ್ಲದರೊಳಗೂ ಇರುವುದು ಅದೇ ಮೂಲ ಕೀಲಿ. ಅಂದರೆ ಇದನ್ನು ಕಟ್ಟಿದವರೇ ಒಂದು ಬೀಗಕ್ಕೆ ಹಲವು ಕೀಲಿಕೈ ಇರಬೇಕೆಂದು ಯೋಚಿಸಿದ್ದಾರೆ. ನಮ್ಮವರು ಅದರಲ್ಲಿ ಒಂದನ್ನು ಬಳಸಿ ಉಳಿದವನ್ನು ಖಾಲಿ ಬಿಟ್ಟಿದ್ದಾರೆ.

ಖಾಲಿ ಬಿಟ್ಟರೆ ಏನಾಗುತ್ತದೆ

ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ಒಂದು ಮನೆಯಿಂದ ನನಗೆ ಕರೆ ಬಂತು. ಧಾರವಾಡ ಕಡೆಯ ಹಿರಿಯರೊಬ್ಬರು ಹೃದಯಾಘಾತದಿಂದ ತೀರಿಕೊಂಡು ಒಂದು ತಿಂಗಳಾಗಿತ್ತು. ಬಹಳ ವರ್ಷ ಅಲ್ಲಿನ ಕನ್ನಡ ಸಂಘದ ಲೆಕ್ಕಪತ್ರ ನೋಡಿಕೊಂಡವರು, ಸಂಘದ ಹಳೆಯ ನಾಟಕಗಳ ಫೋಟೊಗಳನ್ನೆಲ್ಲ ತಾವೇ ಕೂತು ಸ್ಕ್ಯಾನ್ ಮಾಡಿದವರು. ನಿವೃತ್ತಿಯ ನಂತರ ಲಿನಕ್ಸ್ ಕಲಿತು, ಶಿಸ್ತಾಗಿ ಡಿಸ್ಕಿಗೆ ಬೀಗ ಹಾಕಿದ್ದರು. ಅವರ ಹೆಂಡತಿ ಲ್ಯಾಪ್‌ಟಾಪನ್ನು ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟರು.

"ತಮ್ಮಾ, ಇದರಾಗ ಎಲ್ಲಾ ಅದಾವು. ತಗೀಲಿಕ್ಕ ಬರವಲ್ದು."

"ವೈನಿ, ಅಣ್ಣಾವ್ರು ಎಲ್ಲರೆ ಬರದಿಟ್ಟಿದ್ರೇನು?"

"ಎಲ್ಲಾ ಡೈರಿ ಹುಡುಕೇನಪಾ. ಹಾಲಿನವನ ಲೆಕ್ಕಾನೂ ಬರದಾರ, ಇದೊಂದ ಬರದಿಲ್ಲ."

ಮಗಳು ಒಂದು ಪಟ್ಟಿ ಮಾಡಿಕೊಂಡು ಬಂದಿದ್ದಳು. ಮಕ್ಕಳ ಜನ್ಮದಿನ, ಊರಿನ ಹೆಸರು, ಮನೆದೇವರ ಹೆಸರು, ಮೊದಲ ಸ್ಕೂಟರಿನ ನಂಬರು. ಒಂದೊಂದನ್ನೂ ಹಾಕಿ ನೋಡಿದೆವು. ಪ್ರತಿ ಸಲವೂ ಯಂತ್ರ ಒಂದೆರಡು ಸೆಕೆಂಡು ಯೋಚಿಸಿ ಇಲ್ಲ ಎಂದಿತು. ಆ ಒಂದೆರಡು ಸೆಕೆಂಡು ಬೇಕೆಂದೇ ಇಟ್ಟದ್ದು. ಕಳ್ಳ ಲಕ್ಷಾಂತರ ಪಾಸ್‌ವರ್ಡ್‌ಗಳನ್ನು ಸರಸರನೆ ಪ್ರಯತ್ನಿಸದಿರಲಿ ಎಂದು ಲಕ್ಸ್ ಪ್ರತಿ ಪ್ರಯತ್ನಕ್ಕೂ ಯಂತ್ರದಿಂದ ಹೆಚ್ಚು ಶ್ರಮ ಮಾಡಿಸುತ್ತದೆ. ಎರಡನೇ ಆವೃತ್ತಿಯಲ್ಲಿ ಇದಕ್ಕೆ ಬಳಸುವ ಆರ್ಗಾನ್ 2 ವಿಧಾನ ಹೆಚ್ಚು ಮೆಮೊರಿಯನ್ನೂ ಬೇಡುತ್ತದೆ. ಕಳ್ಳನನ್ನು ತಡೆಯಲು ಇಟ್ಟ ಆ ತಡೆಗೆ ಮನೆಯವರು ಯಾರು, ಹೊರಗಿನವರು ಯಾರು ಎಂಬುದು ತಿಳಿಯುವುದಿಲ್ಲ.

ಆ ಡಿಸ್ಕು ತೆರೆಯಲಿಲ್ಲ. ಪಹಣಿ ಭೂಮಿ ವ್ಯವಸ್ಥೆಯಿಂದ ಮತ್ತೆ ಸಿಕ್ಕಿತು, ಬ್ಯಾಂಕಿನ ವಿಷಯ ನಾಮಿನಿ ಇದ್ದದ್ದರಿಂದ ಬಗೆಹರಿಯಿತು. ಸಂಘದ ಫೋಟೊಗಳಲ್ಲಿ ಕೆಲವನ್ನು ಸದಸ್ಯರ ಆಲ್ಬಮ್‌ಗಳಿಂದ ಮತ್ತೆ ಕೂಡಿಸಿದರು. ಆದರೆ ಅವರು ಎರಡು ವರ್ಷದಿಂದ ಬೆಳಗಿನ ಜಾವ ಎದ್ದು ಬರೆಯುತ್ತಿದ್ದ ತಮ್ಮ ಬದುಕಿನ ಕಥೆ, ಗಿರಣಿಗಾವ್‌ನ ಬಾಡಿಗೆ ಖೋಲಿಯಿಂದ ಶುರುವಾಗುತ್ತದೆ ಎಂದು ಮನೆಯವರಿಗೆ ಹೇಳಿದ್ದ ಕಥೆ, ಆ ಒಂದು ಯಂತ್ರದಲ್ಲಿ ಮಾತ್ರ ಇತ್ತು. ಅದಕ್ಕೆ ಯಾವ ಕಚೇರಿಯಲ್ಲೂ ನಕಲು ಸಿಗುವುದಿಲ್ಲ.

'ಎರಡನೇ ಕೀಲಿಕೈ ಎಂದರೆ ಎರಡನೇ ರಂಧ್ರ'

ಈ ವಿಷಯ ತೆಗೆದಾಗಲೆಲ್ಲ ನನ್ನ ವೃತ್ತಿಯ ಗೆಳೆಯರು ಒಂದೇ ಆಕ್ಷೇಪ ಎತ್ತುತ್ತಾರೆ. ಕೀಲಿಕೈ ಹೆಚ್ಚಿದಷ್ಟೂ ಅಪಾಯ ಹೆಚ್ಚು, ಕಾಗದದ ಮೇಲೆ ಬರೆದ ಪಾಸ್‌ವರ್ಡ್ ಪಾಸ್‌ವರ್ಡೇ ಅಲ್ಲ ಎಂದು. ಲೆಕ್ಕದ ಪ್ರಕಾರ ಆಕ್ಷೇಪ ಸರಿ. ಆದರೆ ಯಾರಿಂದ ಅಪಾಯ ಎಂಬ ಪ್ರಶ್ನೆಗೆ ಉತ್ತರಿಸದೆ ಈ ಲೆಕ್ಕ ಮುಗಿಯುವುದಿಲ್ಲ. ಕಲ್ಯಾಣ ಸ್ಟೇಷನ್ನಿನಲ್ಲಿ ಚೀಲ ಎತ್ತಿಕೊಂಡು ಹೋಗುವವನ ಕೈಗೆ ಲ್ಯಾಪ್‌ಟಾಪ್ ಸಿಗುತ್ತದೆ, ಶಿರಸಿಯ ಅಪ್ಪನ ಕಪಾಟಿನಲ್ಲಿರುವ ಲಕೋಟೆ ಸಿಗುವುದಿಲ್ಲ. ಶಿರಸಿಯ ಮನೆಗೆ ನುಗ್ಗಿದವನಿಗೆ ಲಕೋಟೆ ಸಿಕ್ಕರೂ ಲ್ಯಾಪ್‌ಟಾಪ್ ಪುಣೆಯಲ್ಲಿರುತ್ತದೆ. ಎರಡೂ ಒಬ್ಬನಿಗೇ ಸಿಗಬೇಕಾದರೆ ಅವನು ನಮ್ಮನ್ನು ಹುಡುಕಿಕೊಂಡೇ ಬಂದವನಾಗಿರಬೇಕು. ಊರಿನಿಂದ ದೂರ ಇರುವುದನ್ನು ನಾವು ದಿನವೂ ಒಂದು ನಷ್ಟ ಎಂದೇ ಲೆಕ್ಕ ಹಾಕುತ್ತೇವೆ. ಈ ಒಂದು ವಿಷಯದಲ್ಲಿ ಆ ದೂರವೇ ನಮ್ಮ ಕಾವಲುಗಾರ.

ಇನ್ನೊಂದು ಕಡೆಯನ್ನೂ ತೂಗಬೇಕು. ಒಂದೇ ಕೀಲಿಕೈ ಇದ್ದವನು ಮರೆಯುವ ಭಯಕ್ಕೆ ಸುಲಭದ ಪಾಸ್‌ವರ್ಡ್ ಇಡುತ್ತಾನೆ. ಮಗಳ ಹೆಸರು, ಹುಟ್ಟಿದ ವರ್ಷ, ಕೊನೆಗೊಂದು ಆಶ್ಚರ್ಯಸೂಚಕ. ಕಾಗದದಲ್ಲಿ ಎರಡನೆಯದೊಂದು ಭದ್ರವಾಗಿದೆ ಎಂದು ಗೊತ್ತಿದ್ದವನು ಮೊದಲನೆಯದನ್ನು ಧೈರ್ಯವಾಗಿ ಗಟ್ಟಿಯಾಗಿಡಬಹುದು.

ಹೇಗೆ ಮಾಡುವುದು

ಕೆಲಸ ಅರ್ಧ ಗಂಟೆಯದು. ಮೊದಲು ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಡಂಪ್ ಆದೇಶ ಕೊಟ್ಟರೆ ಯಾವ ಸ್ಲಾಟ್‌ಗಳು ತುಂಬಿವೆ ಎಂದು ಕಾಣುತ್ತದೆ. ಬಹುಪಾಲು ಮನೆಯ ಯಂತ್ರಗಳಲ್ಲಿ ಸೊನ್ನೆಯ ಸ್ಲಾಟ್ ಒಂದೇ ತುಂಬಿರುತ್ತದೆ. ಬಳಿಕ ಲಕ್ಸ್‌ಆ್ಯಡ್‌ಕೀ. ಅದು ಮೊದಲು ಈಗಿರುವ ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ಹೊಸದನ್ನು ಎರಡು ಸಲ ಕೇಳುತ್ತದೆ. ಈ ಕ್ರಮವನ್ನು ಗಮನಿಸಿ. ಹೊಸ ಕೀಲಿಕೈ ಮಾಡಿಸಲು ಹಳೆಯದು ಕೈಯಲ್ಲಿರಬೇಕು. ಮರೆತ ಮೇಲೆ, ಮನುಷ್ಯ ಹೋದ ಮೇಲೆ ಇದನ್ನು ಮಾಡಲಾಗುವುದಿಲ್ಲ. ಮಾಡುವ ಕಾಲ ಎಂದರೆ ಎಲ್ಲವೂ ಸರಿಯಾಗಿರುವ ಈಗಿನ ಕಾಲವೇ.

ಎರಡನೇ ಪಾಸ್‌ವರ್ಡ್ ಯಾವುದಿರಬೇಕು? ನೆನಪಿಡುವ ಅಗತ್ಯ ಇಲ್ಲದ್ದರಿಂದ ಉದ್ದವಿರಲಿ. ಆದರೆ ಓದಿ ಟೈಪ್ ಮಾಡುವವರು ಅರವತ್ತೈದರ ಅಮ್ಮನೋ ಹದಿನಾರರ ಮಗನೋ ಆಗಿರಬಹುದು. ಹಾಗಾಗಿ ಅರ್ಥವಿಲ್ಲದ ಅಕ್ಷರಗಳ ಸಾಲಿಗಿಂತ ಪದಗಳ ಸಾಲು ಮೇಲು. 1995ರಲ್ಲಿ ಆರ್ನಾಲ್ಡ್ ರೀನ್‌ಹೋಲ್ಡ್ ರೂಪಿಸಿದ ಡೈಸ್‌ವೇರ್ ವಿಧಾನ ಇದಕ್ಕೆ ಹೇಳಿಮಾಡಿಸಿದ್ದು. 7,776 ಪದಗಳ ಪಟ್ಟಿಯಿಂದ ಐದು ಸಲ ದಾಳ ಉರುಳಿಸಿ ಒಂದು ಪದ ಆರಿಸುವುದು, ಹೀಗೆ ಆರು ಪದ. ಒಟ್ಟು ಸಾಧ್ಯತೆಗಳು 2ರ ಮುಂದೆ 23 ಸೊನ್ನೆ ಹಾಕಿದ್ದಕ್ಕಿಂತ ಹೆಚ್ಚು. ಕನ್ನಡ ಪದಗಳೇ ಬೇಕು ಎನ್ನುವವರು ಮನೆಯಲ್ಲೇ ಕೂತು ನೇಗಿಲು, ಕೊಡೆ, ಮೆಣಸು, ಜರಡಿ ಎಂದು 216 ಪದಗಳ ಪಟ್ಟಿ ಬರೆಯಿರಿ. ಮೂರು ಸಲ ದಾಳ ಉರುಳಿಸಿದರೆ ಒಂದು ಪದ, ಹೀಗೆ ಹತ್ತು ಪದ ಆರಿಸಿ. ಎರಡು ವಿಧಾನದಲ್ಲೂ ದಾಳ ಉರುಳುವುದು 30 ಸಲ, ಆದ್ದರಿಂದ ಬಲವೂ ಒಂದೇ. ದಾಳವನ್ನೇ ಬಳಸಿ. ಚೌಕಾಬಾರದ ಕವಡೆ ಬೇಡ, ಕವಡೆ ಮೇಲ್ಮುಖವಾಗಿ ಮತ್ತು ಕೆಳಮುಖವಾಗಿ ಬೀಳುವ ಸಂಭವ ಸಮವಲ್ಲ. ಪ್ರೀತಿಯ ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಖಂಡಿತ ಬೇಡ. ನಮಗೆ ಪ್ರೀತಿಯಾದದ್ದು ಲಕ್ಷ ಜನರಿಗೂ ಬಾಯಿಪಾಠವಾಗಿರುತ್ತದೆ.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಪದ ಕನ್ನಡದ್ದಿರಲಿ, ಲಿಪಿ ಮಾತ್ರ ರೋಮನ್ ಇರಲಿ. ಡಿಸ್ಕಿನ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಯಂತ್ರ ಇನ್ನೂ ಪೂರ್ತಿ ಎದ್ದಿರುವುದಿಲ್ಲ, ನಮ್ಮ ಕನ್ನಡ ಕೀಲಿಮಣೆಯ ವ್ಯವಸ್ಥೆ ಬೀಗದ ಆಚೆ ಇರುತ್ತದೆ. ಅದಲ್ಲದೆ ಲಕ್ಸ್‌ಗೆ ಅಕ್ಷರ ಗೊತ್ತಿಲ್ಲ, ಬೈಟುಗಳು ಮಾತ್ರ ಗೊತ್ತು. ಕಣ್ಣಿಗೆ ಒಂದೇ ಆಗಿ ಕಾಣುವ 'ಕೋ' ಯುನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ದಾಖಲಾಗಬಹುದು. ಒಂದು ರೀತಿಯಲ್ಲಿ ಇಟ್ಟ ಬೀಗ ಇನ್ನೊಂದರಲ್ಲಿ ತೆರೆಯುವುದಿಲ್ಲ. ರೋಮನ್ ಲಿಪಿಯಲ್ಲೂ ನಮ್ಮ ಕಾಗುಣಿತ ಒಂದೇ ಅಲ್ಲ. 'ತಿಂಡಿ'ಗೆ ಕೆಲವರು ಟಿ ಹಾಕುತ್ತಾರೆ, ಕೆಲವರು ಟಿ ಮತ್ತು ಎಚ್ ಎರಡೂ ಹಾಕುತ್ತಾರೆ. 'ಹೂವು' ಒಬ್ಬರಿಗೆ ಎರಡು ಓ, ಇನ್ನೊಬ್ಬರಿಗೆ ಒಂದು ಯು. ಆದ್ದರಿಂದ ಲಕೋಟೆಯಲ್ಲಿ ಪದವನ್ನು ಕನ್ನಡದಲ್ಲಿ ಬರೆದು ಬಿಡಬೇಡಿ. ಟೈಪ್ ಮಾಡಬೇಕಾದ ಅಕ್ಷರಗಳನ್ನೇ ಬಿಡಿಬಿಡಿಯಾಗಿ ಬರೆಯಿರಿ.

ಬರೆದ ಮೇಲೆ ಪರೀಕ್ಷಿಸದೆ ಲಕೋಟೆ ಅಂಟಿಸಬೇಡಿ. ಡಿಸ್ಕನ್ನು ತೆರೆಯದೆಯೇ ಪಾಸ್‌ವರ್ಡ್ ಸರಿಯೇ ಎಂದು ನೋಡುವ ಟೆಸ್ಟ್ ಪಾಸ್‌ಫ್ರೇಸ್ ಎಂಬ ಆಯ್ಕೆ ಕ್ರಿಪ್ಟ್‌ಸೆಟಪ್‌ನಲ್ಲಿದೆ. ಯಾವ ಸ್ಲಾಟ್ ತೆರೆಯಿತು ಎಂಬುದನ್ನೂ ಹೇಳಿಸಬಹುದು. ಒಮ್ಮೆ ಯಂತ್ರವನ್ನು ಪೂರ್ತಿ ಆಫ್ ಮಾಡಿ, ಕಾಗದ ನೋಡಿಕೊಂಡು ಮನೆಯವರ ಕೈಯಲ್ಲೇ ಟೈಪ್ ಮಾಡಿಸಿ. ನೀವು ಬರೆದ ಸೊನ್ನೆ ಅವರಿಗೆ ಓ ಎಂದು ಕಾಣುತ್ತದೆಯೇ ಎಂಬುದು ಆಗ ಗೊತ್ತಾಗುತ್ತದೆ.

ಕೀಲಿಕೈ ಇದ್ದರೂ ತೆರೆಯದ ಬೀಗ

ಎರಡು ಕೀಲಿಕೈ ಮಾಡಿಸಿದರೂ ಬೀಗವೇ ಜಖಂ ಆದರೆ? ಲಕ್ಸ್‌ನ ಎಲ್ಲ ಸ್ಲಾಟ್‌ಗಳೂ ಡಿಸ್ಕಿನ ಆರಂಭದಲ್ಲಿರುವ ಹೆಡರ್ ಎಂಬ ಚಿಕ್ಕ ಜಾಗದಲ್ಲಿರುತ್ತವೆ. ಎರಡನೇ ಆವೃತ್ತಿಯಲ್ಲಿ ಸಾಮಾನ್ಯವಾಗಿ ಅದು 16 ಎಂಬಿ. ಒಂದು ಟಿಬಿ ಡಿಸ್ಕಿನ ಜೀವ ಇಷ್ಟು ಜಾಗದಲ್ಲಿದೆ. ಅದು ಅಳಿಸಿಹೋದರೆ ಸರಿಯಾದ ಪಾಸ್‌ವರ್ಡ್ ಹತ್ತು ಇದ್ದರೂ ಉಪಯೋಗವಿಲ್ಲ, ಮೂಲ ಕೀಲಿಯೇ ಹೋಗಿರುತ್ತದೆ. ಇದು ಅಪರೂಪದ ಅಪಘಾತ ಎಂದುಕೊಳ್ಳಬೇಡಿ. ಬೀಗ ಹಾಕಿದ ಹೊರಡಿಸ್ಕನ್ನು ಊರಿನಲ್ಲಿ ಯಾರೋ ವಿಂಡೋಸ್ ಯಂತ್ರಕ್ಕೆ ಚುಚ್ಚುತ್ತಾರೆ. ಅದು ಈ ಡಿಸ್ಕನ್ನು ಗುರುತಿಸದೆ, ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಎಂದು ಕೇಳುತ್ತದೆ. ಕೇಳಿದ್ದಕ್ಕೆಲ್ಲ ಹೌದು ಒತ್ತುವ ಅಭ್ಯಾಸದವರು ಹೌದು ಒತ್ತುತ್ತಾರೆ. ಕಥೆ ಮುಗಿಯಿತು. ಡಿಸ್ಕಿನ ಮೇಲೆ 'ಫಾರ್ಮ್ಯಾಟ್ ಮಾಡಬೇಡಿ' ಎಂದು ಕನ್ನಡದಲ್ಲಿ ಒಂದು ಚೀಟಿ ಅಂಟಿಸುವುದು ಎಷ್ಟೋ ತಂತ್ರಜ್ಞಾನಕ್ಕಿಂತ ದೊಡ್ಡ ರಕ್ಷಣೆ.

ಲಕ್ಸ್‌ಹೆಡರ್‌ಬ್ಯಾಕಪ್ ಆದೇಶದಿಂದ ಹೆಡರಿನ ನಕಲನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳಬಹುದು. ಆದರೆ ಆ ನಕಲನ್ನು ಎಲ್ಲೆಂದರಲ್ಲಿ ಬಿಡಬೇಡಿ. ಇವತ್ತು ತೆಗೆದ ನಕಲಿನಲ್ಲಿ ಇವತ್ತಿನ ಪಾಸ್‌ವರ್ಡ್‌ಗಳು ಜೀವಂತ ಇರುತ್ತವೆ. ನಾಳೆ ನೀವು ಒಂದು ಪಾಸ್‌ವರ್ಡನ್ನು ತೆಗೆದುಹಾಕಿದರೂ ಹಳೆಯ ನಕಲು ಮತ್ತು ಹಳೆಯ ಪಾಸ್‌ವರ್ಡ್ ಎರಡೂ ಇರುವವರಿಗೆ ಡಿಸ್ಕು ತೆರೆಯುತ್ತದೆ, ಏಕೆಂದರೆ ಮೂಲ ಕೀಲಿ ಬದಲಾಗಿಲ್ಲ. ಆದ್ದರಿಂದ ಸ್ಲಾಟ್ ಬದಲಾಯಿಸಿದಾಗಲೆಲ್ಲ ಹೊಸ ನಕಲು ತೆಗೆದು ಹಳೆಯದನ್ನು ನಾಶಮಾಡಬೇಕು. ಕೀಲಿಕೈ ಕೊಟ್ಟವರ ಮೇಲಿನ ನಂಬಿಕೆಯೇ ಹೋಗಿದ್ದರೆ ಸ್ಲಾಟ್ ತೆಗೆದರೆ ಸಾಲದು, ಮರು ಎನ್‌ಕ್ರಿಪ್ಟ್ ಮಾಡಿ ಮೂಲ ಕೀಲಿಯನ್ನೇ ಬದಲಿಸಬೇಕು. ಅದಕ್ಕೆ ಮೊದಲು ಎಲ್ಲ ಕಡತಗಳ ಬ್ಯಾಕಪ್ ಇರಲೇಬೇಕು. ಸ್ಲಾಟ್ ತೆಗೆಯುವಾಗ ಇನ್ನೊಂದು ಎಚ್ಚರ. ಇದು ಕೊನೆಯ ಸ್ಲಾಟ್ ಎಂದು ಕ್ರಿಪ್ಟ್‌ಸೆಟಪ್ ಎಚ್ಚರಿಸಿದರೆ ಅಲ್ಲಿಗೇ ನಿಲ್ಲಿಸಿ. ಹೊಸ ಕೀಲಿಕೈ ಸೇರಿಸಿ, ಪರೀಕ್ಷಿಸಿ, ಆಮೇಲೆ ಹಳೆಯದನ್ನು ತೆಗೆಯುವುದೇ ಸರಿಯಾದ ಕ್ರಮ.

ಪಾಸ್‌ವರ್ಡ್ ಮರೆತದ್ದು ಯಂತ್ರ ಇನ್ನೂ ಚಾಲೂ ಇರುವಾಗಲೇ ಗೊತ್ತಾದರೆ ಗಾಬರಿಯಲ್ಲಿ ಆಫ್ ಮಾಡಬೇಡಿ. ಆ ಹೊತ್ತಿನಲ್ಲಿ ಬೀಗ ತೆರೆದಿರುತ್ತದೆ. ಕೂಡಲೇ ಹೊರಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿಕೊಳ್ಳಿ. ಇದೇ ಮಾತಿನ ಇನ್ನೊಂದು ಮುಖವೂ ಇದೆ. ಮುಚ್ಚಳ ಮುಚ್ಚಿ ನಿದ್ದೆಗೆ ಹಾಕಿದ ಲ್ಯಾಪ್‌ಟಾಪಿನ ಮೆಮೊರಿಯಲ್ಲಿ ಮೂಲ ಕೀಲಿ ಇನ್ನೂ ಇರುತ್ತದೆ. ವಿದ್ಯುತ್ ನಿಂತ ಮೇಲೂ ಸ್ವಲ್ಪ ಹೊತ್ತು ಮೆಮೊರಿಯಿಂದ ಕೀಲಿ ತೆಗೆಯಬಹುದು ಎಂಬುದನ್ನು 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ರೈಲು ಹತ್ತುವ ಮುನ್ನ ಯಂತ್ರವನ್ನು ಪೂರ್ತಿ ಆಫ್ ಮಾಡಿ. ಬೀಗ ಬೀಳುವುದು ಆಗಲೇ.

ಲಕೋಟೆಯಲ್ಲಿ ಏನಿರಬೇಕು

ಬರೀ ಪಾಸ್‌ವರ್ಡ್ ಬರೆದರೆ ಅರ್ಧ ಕೆಲಸ. ನೀವಿಲ್ಲದ ದಿನ ಅದನ್ನು ತೆರೆಯುವವರಿಗೆ ಲಿನಕ್ಸ್ ಎಂದರೇನೆಂದು ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಕನ್ನಡದಲ್ಲಿ ಒಂದು ಪುಟದ ಕಾಗದ ಬರೆಯಿರಿ. ಯಾವ ಯಂತ್ರ, ಯಾವ ಬಣ್ಣದ ಡಿಸ್ಕು, ಆನ್ ಮಾಡಿದಾಗ ಮೊದಲು ಕೇಳುವ ಪಾಸ್‌ವರ್ಡ್ ಯಾವುದು, ಅದಾದ ಮೇಲೆ ಕೇಳುವ ಲಾಗಿನ್ ಪಾಸ್‌ವರ್ಡ್ ಯಾವುದು. ಇವೆರಡೂ ಬೇರೆ ಬೇರೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮುಖ್ಯ ಕಡತಗಳು ಯಾವ ಫೋಲ್ಡರಿನಲ್ಲಿವೆ, ಹೆಡರ್ ನಕಲು ಎಲ್ಲಿದೆ, ತೊಂದರೆಯಾದರೆ ಯಾರನ್ನು ಕೇಳಬೇಕು, ಬೀದಿಯ ರಿಪೇರಿ ಅಂಗಡಿಗೆ ಯಾಕೆ ಕೊಡಬಾರದು. ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಇದರಲ್ಲಿ ಬರೆಯಬೇಡಿ, ಆ ಕೆಲಸಕ್ಕೆ ನಾಮಿನಿಯ ದಾರಿ ಇದೆ.

ನಾಮಿನಿಯ ಮಾತು ಬಂದದ್ದರಿಂದ ಹೇಳುತ್ತೇನೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ನಾವು ತೀರಿಕೊಂಡರೆ ನಮ್ಮ ದತ್ತಾಂಶದ ಮೇಲಿನ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವಿದೆ. ಆದರೆ ಅದು ಬೇರೆಯವರ ಬಳಿ ಇರುವ ನಮ್ಮ ದತ್ತಾಂಶದ ಮಾತು. ನಮ್ಮ ಮೇಜಿನ ಮೇಲಿನ ಡಿಸ್ಕಿಗೆ ಶಾಖಾ ವ್ಯವಸ್ಥಾಪಕರಿಲ್ಲ, ಅರ್ಜಿ ನಮೂನೆ ಇಲ್ಲ. ಉತ್ತರಾಧಿಕಾರ ಪತ್ರ ತಂದು ತೋರಿಸಿದರೂ ಗಣಿತ ಅದನ್ನು ಓದುವುದಿಲ್ಲ. ಆ ಡಿಸ್ಕಿಗೆ ನಾಮಿನಿಯನ್ನು ನೇಮಿಸುವ ಅಧಿಕಾರ ಇರುವುದು ನಿಮಗೊಬ್ಬರಿಗೆ, ನೇಮಿಸುವ ವಿಧಾನವೇ ಎರಡನೇ ಸ್ಲಾಟ್.

ಎಲ್ಲರಿಗೂ ಒಂದೇ ಅಳತೆ ಅಲ್ಲ

ಮನೆಯವರಿಗೇ ಹೆದರಿ ಬದುಕುವವರಿದ್ದಾರೆ. ಬೇರೆಯವರ ಗುಟ್ಟನ್ನು ಕಾಯುವ ವಕೀಲರು, ವೈದ್ಯರು, ಪತ್ರಕರ್ತರಿದ್ದಾರೆ. ಅವರ ಲಕೋಟೆ ಊರಿನ ಕಪಾಟಿಗೆ ಹೋಗಬೇಕಿಲ್ಲ. ಬ್ಯಾಂಕ್ ಲಾಕರಿಗೋ, ವೃತ್ತಿಯ ನಿಯಮ ಅರಿತ ಸಹೋದ್ಯೋಗಿಗೋ ಹೋಗಲಿ. ತನ್ನೊಂದಿಗೇ ಮುಗಿಯಬೇಕು ಎಂಬ ಕಾಗದಪತ್ರ ಯಾರಿಗಾದರೂ ಇರಬಹುದು, ಅದೂ ಮನುಷ್ಯನ ಹಕ್ಕು. ಅದನ್ನು ಬೇರೆ ವಿಭಾಗದಲ್ಲಿಟ್ಟು ಅದಕ್ಕೆ ಒಂದೇ ಕೀಲಿಕೈ ಇಡಿ. ಆದರೆ ಮಕ್ಕಳ ಫೋಟೊ, ಜಮೀನಿನ ಕಾಗದ, ಅಪ್ಪನ ದನಿಯ ಮುದ್ರಣಗಳನ್ನು ಆ ಗುಟ್ಟಿನ ಜೊತೆ ಒಂದೇ ಬಾಗಿಲ ಹಿಂದೆ ಇಟ್ಟು ಎಲ್ಲವನ್ನೂ ಒಟ್ಟಿಗೆ ಹೂಳಬೇಡಿ. ಕಚೇರಿ ಕೊಟ್ಟ ಲ್ಯಾಪ್‌ಟಾಪಿನ ಮಾತು ಬೇರೆ. ಅದರ ಕೀಲಿಕೈ ಕಚೇರಿಯದು, ಅದಕ್ಕೆ ನೀವು ಸ್ಲಾಟ್ ಸೇರಿಸುವಂತಿಲ್ಲ. ಹಾಗೆಯೇ ಮನೆಯ ಫೋಟೊಗಳನ್ನು ಅದರಲ್ಲಿ ಇಡಲೂಬಾರದು, ಕೆಲಸ ಬಿಡುವ ದಿನ ಅವೂ ಹಿಂದಿರುಗಿ ಹೋಗುತ್ತವೆ.

ಕಾಗದ ಹಳತಾಗುತ್ತದೆ, ಯಂತ್ರ ಬದಲಾಗುತ್ತದೆ. ವರ್ಷಕ್ಕೊಮ್ಮೆ ಪರಿಶೀಲನೆ ಬೇಕು. ಅದಕ್ಕೆ ನಮ್ಮಲ್ಲಿ ಒಂದು ದಿನ ಮೊದಲೇ ಗೊತ್ತಾಗಿದೆ. ಆಯುಧಪೂಜೆಯ ದಿನ ಕಾರು, ಬೈಕು, ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮ ಹಚ್ಚುತ್ತೇವೆ. ಹೂವು ಏರಿಸುವ ಮುನ್ನ ಲಕ್ಸ್‌ಡಂಪ್ ನೋಡಿ, ಸ್ಲಾಟ್ ಎಣಿಸಿ, ಬ್ಯಾಕಪ್ ತೆಗೆಯಿರಿ. ದೀಪಾವಳಿಗೆ ಊರಿಗೆ ಹೋದಾಗ ಲಕೋಟೆ ಇಟ್ಟ ಜಾಗದಲ್ಲೇ ಇದೆಯೇ, ಗೆದ್ದಲು ಹಿಡಿದಿಲ್ಲವೇ ಎಂದು ನೋಡಿ.

ಹೊರನಾಡಿನ ಕನ್ನಡ ಸಂಘಗಳಿಗೆ ನನ್ನದೊಂದು ವಿನಂತಿ. ರಾಜ್ಯೋತ್ಸವದ ನೃತ್ಯ, ಊಟ, ಸನ್ಮಾನಗಳ ನಡುವೆ ಒಂದು ಭಾನುವಾರದ ಬೆಳಿಗ್ಗೆಯನ್ನು ಇದಕ್ಕೆ ಕೊಡಿ. ಗೊತ್ತಿರುವ ಇಬ್ಬರು ಹುಡುಗರು, ಹುಡುಗಿಯರು ಪ್ರತಿ ಸಂಘದಲ್ಲೂ ಇದ್ದಾರೆ. ಹಿರಿಯರು ಲ್ಯಾಪ್‌ಟಾಪ್ ತರಲಿ, ಎರಡನೇ ಕೀಲಿಕೈಯನ್ನು ತಾವೇ ಟೈಪ್ ಮಾಡಲಿ, ಕಲಿಸುವವರು ಆಗ ಮುಖ ಆಚೆ ತಿರುಗಿಸಿ ನಿಲ್ಲಲಿ. ಸಂಘದ ಸ್ವಂತ ಕಂಪ್ಯೂಟರಿನಿಂದಲೇ ಶುರುಮಾಡಿ. ಅದರ ಪಾಸ್‌ವರ್ಡ್ ಈಗ ಎಷ್ಟು ಜನರಿಗೆ ಗೊತ್ತು ಎಂದು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಕೇಳಿ. ಉತ್ತರ ಒಬ್ಬರು ಎಂದಾದರೆ, ಸಭೆಯ ಮೊದಲ ವಿಷಯ ಅದೇ ಆಗಲಿ.